ಹೊಟ್ಟೆ ಹುಣ್ಣು ಮತ್ತೆ ಬರದಂತೆ: ಎಚ್. ಪೈಲೋರಿ ಚಿಕಿತ್ಸೆಯಲ್ಲಿ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ನೇಕಾರರ ಊರಿನಲ್ಲಿ ವೈದ್ಯನಾಗಿರುವ ನನಗೆ ದಿನಾ ಕೇಳಿಬರುವ ಮಾತೊಂದಿದೆ: "ಗುಳಿಗಿ ತಗೊಂಡ್ರ ಆರಾಮ ಇರತೈತ್ರಿ, ಬಿಟ್ರ ಮತ್ತ ಉರಿ." ಎಷ್ಟೋ ಜನ ಆಸಿಡ್ ತಗ್ಗಿಸುವ ಮಾತ್ರೆ ನುಂಗುತ್ತಾ, ಕೆಂಪು ಖಾರ ಬಿಟ್ಟು, ಸಪ್ಪೆ ಊಟ ಮಾಡಿಕೊಂಡು ವರ್ಷಗಳನ್ನು ಕಳೆದಿರುತ್ತಾರೆ. ಖಾರದಿಂದ ಉರಿ ಜಾಸ್ತಿ ಆಗಬಹುದು. ಆದರೆ ಹುಣ್ಣಿಗೆ ಮುಖ್ಯ ಕಾರಣ ಎರಡು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇನ್ನೊಂದು ನೋವಿನ ಮಾತ್ರೆ. ಈ ಬ್ಯಾಕ್ಟೀರಿಯಾವನ್ನು 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆಸಿ ತೋರಿಸಿದ ಮಾರ್ಷಲ್ ಮತ್ತು ವಾರೆನ್ ಎಂಬ ವೈದ್ಯರಿಗೆ 2005ರಲ್ಲಿ ನೊಬೆಲ್ ಬಂತು.

ಆಸಿಡ್ ಮಾತ್ರೆ ಹುಣ್ಣನ್ನು ಮಾಯಿಸುತ್ತದೆ, ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಉಳಿಯುತ್ತದೆ. ಬರೀ ಆ ಮಾತ್ರೆಯಿಂದ ವಾಸಿಯಾದ ಸಣ್ಣ ಕರುಳಿನ ಹುಣ್ಣು ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದು ವರ್ಷದೊಳಗೆ ಮರಳಿ ಬರುತ್ತಿತ್ತು.

ಪರೀಕ್ಷೆಯಲ್ಲಿ ಸೋಂಕು ಖಚಿತವಾದರೆ ನಾನು ಸಾಮಾನ್ಯವಾಗಿ ಕೊಡುವುದು ನಾಲ್ಕು ಔಷಧಿ, 14 ದಿನ: ಆಸಿಡ್ ತಗ್ಗಿಸುವ ಮಾತ್ರೆ, ಬಿಸ್ಮತ್, ಜೊತೆಗೆ ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಎಂಬ ಎರಡು ಆಂಟಿಬಯಾಟಿಕ್. ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಕೋರ್ಸ್ ಸುಲಭ, ನಿಜ. ಆದರೆ ನಮ್ಮ ಜನ ಕೆಮ್ಮು, ನೆಗಡಿಗೆಲ್ಲ ಅಂಗಡಿಯಿಂದ ಅಜಿತ್ರೋಮೈಸಿನ್ ತಂದು ನುಂಗಿರುತ್ತಾರೆ. ಎರಡೂ ಒಂದೇ ಗುಂಪಿನ ಔಷಧಿ, ಹಾಗಾಗಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕ್ಲಾರಿತ್ರೋಮೈಸಿನ್‌ಗೂ ಬಗ್ಗುವುದಿಲ್ಲ.

ಮಾತ್ರೆ ಬರೆಯುವುದಕ್ಕಿಂತ ಹೆಚ್ಚು ಹೊತ್ತು ನನಗೆ ಮಾತಿಗೆ ಬೇಕು. ಬಾಯಿ ಕಹಿಯಾಗುತ್ತದೆ, ತಾಮ್ರ ನೆಕ್ಕಿದ ಹಾಗೆ ಅನಿಸುತ್ತದೆ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ರಕ್ತ ಹೋಗುತ್ತಿದೆ ಅಂತ ಹೆದರಿ ಎಲ್ಲಾ ಬಿಟ್ಟುಬಿಡುತ್ತಾರೆ. ಆಸಿಡ್ ಮಾತ್ರೆಯನ್ನು ರೊಟ್ಟಿ ಉಣ್ಣುವ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಹಾಲು, ಮೊಸರು, ಮಜ್ಜಿಗೆ ಜೊತೆ ಟೆಟ್ರಾಸೈಕ್ಲಿನ್ ಬೇಡ, ನಡುವೆ ಎರಡು ಗಂಟೆ ಬಿಡಬೇಕು. ಮಧ್ಯಾಹ್ನ ಮಜ್ಜಿಗೆ ಇಲ್ಲದ ಊಟ ನಮ್ಮಲ್ಲಿ ಊಟವೇ ಅಲ್ಲ, ಹಾಗಾಗಿ ಹೊತ್ತುಗಳನ್ನು ಮನೆಯವರ ಎದುರಿಗೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕೋರ್ಸ್ ಮುಗಿದು ಕೆಲವು ದಿನ ಕಳೆಯುವವರೆಗೆ ಸಾರಾಯಿ ಮುಟ್ಟುವ ಹಾಗಿಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಈ ಕೋರ್ಸ್ ಅಲ್ಲವೇ ಅಲ್ಲ.

ನಾಲ್ಕೈದು ದಿನದಲ್ಲಿ ಉರಿ ಇಳಿದರೆ "ಆರಾಮ ಆತು" ಅಂತ ಮಾತ್ರೆ ನಿಲ್ಲಿಸಬೇಕು ಅನಿಸುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದುಕೊಂಡ ಬ್ಯಾಕ್ಟೀರಿಯಾ ಆ ಔಷಧಿಗೆ ಮತ್ತೆ ಮಣಿಯದೆ ಹೋಗಬಹುದು. ನಾನು ಬಹಳ ಗಟ್ಟಿಯಾಗಿ ಹಿಡಿದಿರುವ ಇನ್ನೊಂದು ವಿಷಯ ಕೊನೆಯ ಪರೀಕ್ಷೆ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ ಕಳೆದಿರಬೇಕು, ಆಸಿಡ್ ಮಾತ್ರೆ ಬಿಟ್ಟು 2 ವಾರ ಆಗಿರಬೇಕು. ಆಮೇಲೆ ಮಲದ ಆಂಟಿಜನ್ (ಬ್ಯಾಕ್ಟೀರಿಯಾದ ಅಂಶ ಹುಡುಕುವ) ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ. ಸೋಂಕಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ರಕ್ತದ ಆಂಟಿಬಾಡಿ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಬಹಳ ಕಾಲ ಪಾಸಿಟಿವ್ ತೋರಿಸುತ್ತದೆ, ಆ ಕಾಗದ ಹಿಡಿದು ಹೆದರಿ ಬರುವವರು ಬಹಳ. ಸೋಂಕು ಇನ್ನೂ ಉಳಿದಿದ್ದರೆ ಅದೇ ಔಷಧಿ ಮತ್ತೆ ಕೊಡದೆ ಬೇರೆ ಕೋರ್ಸ್‌ಗೆ ಹೋಗುತ್ತೇನೆ.

ಹೀಗೆ ಖಚಿತ ಮಾಡಿಕೊಂಡವರು ವರ್ಷಗಳ ನಂತರ ಬಿಪಿ, ಮೊಣಕಾಲು ಅಂತ ಬಂದಾಗ ನಾನು ಹೊಟ್ಟೆಯ ಬಗ್ಗೆಯೂ ಕೇಳುತ್ತೇನೆ. ಬಹುತೇಕರು ಆರಾಮಾಗಿದ್ದಾರೆ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಾರೆ. ಅದನ್ನು ಕೇಳುವಾಗ ಆಗುವ ಖುಷಿ ದೊಡ್ಡದು. ಈ ಸೋಂಕು ಸಾಮಾನ್ಯವಾಗಿ ಚಿಕ್ಕಂದಿನಲ್ಲಿ, ಮನೆಯೊಳಗೇ ಅಂಟುತ್ತದೆ. ದೊಡ್ಡವರಿಗೆ ಹೊಸದಾಗಿ ಅಂಟುವುದು ಕಡಿಮೆ. ಮೊದಲ ವರ್ಷದಲ್ಲೇ ಮತ್ತೆ ಕಂಡರೆ ಹೆಚ್ಚಾಗಿ ಅದು ಪೂರ್ತಿ ಸಾಯದ ಹಳೆಯ ಸೋಂಕೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೊಟ್ಟೆ ಕ್ಯಾನ್ಸರ್ ಆಗಿದ್ದವರಿಗೆ ನೋವಿಲ್ಲದಿದ್ದರೂ ಪರೀಕ್ಷೆ ಮಾಡಿಸಲು ಹೇಳುತ್ತೇನೆ.

ಸೋಂಕು ಹೋದ ಮೇಲೂ ಹುಣ್ಣು ಮರಳಿದವರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಜೇಬಿನಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಇರುತ್ತದೆ. ದಿನವಿಡೀ ಮಗ್ಗದ ಮುಂದೆ ನಿಂತು ಸೊಂಟ ಹಿಡಿದವರಿಗೆ ಅದನ್ನು ಸುಮ್ನೆ ಬಿಡಿ ಅನ್ನಲು ಆಗಲ್ಲ. ನೋವಿಗೆ ಬೇರೆ ಔಷಧಿ ನೋಡುತ್ತೇನೆ, ಅದು ಬೇಕೇ ಬೇಕು ಅಂದಾಗ ಜೊತೆಗೆ ಆಸಿಡ್ ಮಾತ್ರೆಯನ್ನೂ ಬರೆಯುತ್ತೇನೆ.