ಆಯಿಯ ಒಲೆ, ಜುಮ್ಮನಕಾಯಿ ಮತ್ತು ಮಾಪೋ ತೋಫು

ಚೀನಾದ ಚೆಂಗ್ಡುವಿನಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದ ಮನೆಯ ಒಡತಿಯನ್ನು ಎಲ್ಲರೂ ‘ಆಯಿ’ ಎನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ಅದು ಚಿಕ್ಕಮ್ಮನ ವಯಸ್ಸಿನವರನ್ನು ಕರೆಯುವ ಮಾತು. ಕುಮಟಾ ಕಡೆಯವನಾದ ನನಗೆ ಆಯಿ ಎಂದರೆ ಅಮ್ಮನೇ. ಮಾಪೋ ತೋಫು, ಅಂದರೆ ಸೋಯಾ ಹಾಲು ಒಡೆಸಿ ಮಾಡುವ ಪನೀರಿನಂಥ ತೋಫುವಿನ ಖಾರದ ಪದಾರ್ಥ, ಕಲಿತದ್ದು ಅವರ ಒಲೆಯ ಮುಂದೆ.

‘ಮಾಪೋ’ ಅಂದರೆ ಸಿಡುಬಿನ ಕಲೆಯ ಮುದುಕಿ. 1862ರ ಸುಮಾರಿಗೆ ಅದೇ ಊರಿನ ವಾನ್‌ಫು ಸೇತುವೆ ಹತ್ತಿರ ಚೆನ್ ಮನೆತನದ ಖಾನಾವಳಿಯಲ್ಲಿ, ಎಣ್ಣೆ ಹೊರುವ ಕೂಲಿಗಳಿಗೆ ಆಕೆ ಇದನ್ನು ಮಾಡಿ ಬಡಿಸುತ್ತಿದ್ದಳಂತೆ. ‘ಮಾ’ ಎಂಬ ಅದೇ ಅಕ್ಷರಕ್ಕೆ ಜುಮ್ಮೆನ್ನುವುದು ಅಂತಲೂ ಅರ್ಥ. ಅದು ಬರುವುದು ಹ್ವಾಜ್ಯಾವ್ ಎಂಬ ಕಾಯಿಯ ಸಿಪ್ಪೆಯಿಂದ.

ಆಯಿ ಮೊದಲ ದಿನ ಎರಡು ಸಿಪ್ಪೆ ಅಂಗೈಗೆ ಹಾಕಿ ಅಗಿ ಎಂದರು. ತುಟಿ ನಡುಗಿತು. ನನಗೆ ಥಟ್ಟನೆ ನೆನಪಾದದ್ದು ಮನೆಯ ಬಂಗಡೆ ಸಾರು. ಅದಕ್ಕೆ ಹಾಕುವ ನಮ್ಮ ಜುಮ್ಮನಕಾಯಿ! ಎರಡೂ ಒಂದೇ ಕುಲದ ಗಿಡಗಳು. ಎರಡರಲ್ಲೂ ಒಳಗಿನ ಕಪ್ಪು ಬೀಜ ಬಿಸಾಡಿ ಸಿಪ್ಪೆ ಬಳಸುತ್ತಾರೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಈ ಜುಮ್ಮನ್ನು ಅಳೆದು, ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದಂತೆ ಎಂದಿದ್ದಾರೆ. ಮೆಣಸಿನಕಾಯಿ ಚೀನಾ ಮುಟ್ಟಿದ್ದು 16ನೇ ಶತಮಾನದ ಕೊನೆಗೆ, ನಮ್ಮಲ್ಲಿಗೆ ಬಂದಂತೆಯೇ ಅಮೆರಿಕದ ಮೂಲದಿಂದ. ಹ್ವಾಜ್ಯಾವ್ ಅದಕ್ಕೆ ಎಷ್ಟೋ ಹಿರಿಯದು.

ಮೊದಲ ಸಲ ನಾನು ಒಗ್ಗರಣೆಗೆ ಕಾಯಿಸಿದ ಹಾಗೆ ಎಣ್ಣೆ ಕಾಯಿಸಿ ದೋಬಾನ್‌ಜ್ಯಾಂಗ್ ಸುರಿದೆ. ಅಗಲ ಅವರೆಯಂಥ ಕಾಳು, ಮೆಣಸಿನಕಾಯಿ, ಉಪ್ಪು ಸೇರಿಸಿ ಹುಳಿಸಿದ ಗೊಜ್ಜು ಅದು. ಪಿಶ್ಯೆನ್ ಊರಿನದಕ್ಕೆ ಹೆಸರು. ಕ್ಷಣದಲ್ಲಿ ಸೀದು ಕಹಿಯಾಯಿತು. ಆಯಿ ಮಾತಾಡದೆ ಬಾಣಲೆ ತೊಳೆದಿಟ್ಟರು.

ಆಮೇಲೆ ಅವರು ಮಾಡಿ ತೋರಿಸಿದರು. ಮೆತ್ತನೆ ತೋಫು ಒಂದಂಗುಲದ ಚೌಕ ಮಾಡಿ ಉಪ್ಪಿನ ಬಿಸಿನೀರಿನಲ್ಲಿ ಇಡುವುದು. ಆಗ ಸುಲಭಕ್ಕೆ ಒಡೆಯುವುದಿಲ್ಲ. ಗೊಜ್ಜನ್ನು ಸಣ್ಣ ಉರಿಯಲ್ಲಿ, ಎಣ್ಣೆ ಪೂರ್ತಿ ಕೆಂಪಾಗುವವರೆಗೆ ಬಾಡಿಸುವುದು. ಶುಂಠಿ, ಬೆಳ್ಳುಳ್ಳಿ, ನೀರು, ತೋಫು. ಸೌಟಿನಿಂದ ಕಲಕಬಾರದು, ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳಬೇಕು. ಕದಡಿದ ಕಾರ್ನ್‌ಫ್ಲೋರ್ ಮೂರು ಕಂತಿನಲ್ಲಿ. ಒಂದೇ ಸಲ ಹಾಕಿದರೆ ತೋಫು ಬಿಟ್ಟ ನೀರು ಗೊಜ್ಜನ್ನು ಮತ್ತೆ ತೆಳ್ಳಗಾಗಿಸುತ್ತದೆ. ಹುರಿದು ಪುಡಿ ಮಾಡಿದ ಹ್ವಾಜ್ಯಾವ್ ಕೊನೆಗೆ.

ಮೂಲದಲ್ಲಿ ದನದ ಮಾಂಸದ ಖೀಮಾ ಇರುತ್ತದೆ. ಬೆಂಗಳೂರಿನಲ್ಲಿ ನಾನು ಅಣಬೆ ಕೊಚ್ಚಿ ಹಾಕುತ್ತೇನೆ. ಕಳೆದ ಮಳೆಗಾಲ ಹ್ವಾಜ್ಯಾವ್ ಮುಗಿದಿತ್ತು, ಊರಿನ ಜುಮ್ಮನಕಾಯಿಯನ್ನೇ ಹುರಿದು ಪುಡಿಮಾಡಿದೆ. ಕಿತ್ತಳೆ ಸಿಪ್ಪೆಯ ಘಮ ಜಾಸ್ತಿ, ಜುಮ್ಮು ಕಡಿಮೆ, ಎರಡರಷ್ಟು ಬೇಕಾಯಿತು. ನನ್ನ ಆಯಿ ಒಂದು ಚಮಚ ತಿಂದು, ಕಣ್ಣು ಮುಚ್ಚಿ, ಇನ್ನೊಂದು ಚಮಚ ತಿಂದರು.

“ಚಲೋ ಆಯ್ದು. ಆದ್ರೆ ಬಂಗಡೆ ಹಾಕೂದು ಮರ್ತ್ಯಾ?”