ಅಂಬಾಸಡರ್ ಪದೇ ಪದೇ ಆಫ್ ಆಗುತ್ತಿದ್ದರೆ: ಎಸ್‌ಯು ಕಾರ್ಬುರೇಟರ್ ತಪಾಸಣೆ

1489 ಸಿಸಿ ಪೆಟ್ರೋಲ್ ಇಂಜಿನ್ನಿನ ಹಳೆಯ ಅಂಬಾಸಡರ್ ಸಿಗ್ನಲ್‌ನಲ್ಲಿ ಆಫ್ ಆಗತೊಡಗಿದರೆ ಎಲ್ಲರ ಕೈ ನೇರ ಹೋಗುವುದು ಕಾರ್ಬುರೇಟರ್ ಸ್ಕ್ರೂಗೆ. ಅದನ್ನು ಕೊನೆಗೆ ಮುಟ್ಟಿ. ಕರೆಂಟಿನ ದೋಷ ಹಾಗೇ ಇದ್ದು ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಮಿಶ್ರಣ) ತಿರುಗಿಸಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ. ಇಲ್ಲಿರುವುದು ಎಸ್‌ಯು ಕಾರ್ಬುರೇಟರಿಗೆ ಮಾತ್ರ. ಸೋಲೆಕ್ಸ್ ಎಂಬ ಇನ್ನೊಂದು ಬಗೆಯ ಕಾರ್ಬುರೇಟರ್ ಹಾಕಿರುವ ಗಾಡಿಯ ಲೆಕ್ಕ ಬೇರೆ.

ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಒಳಗಿನ ಪಾಯಿಂಟ್ (ಕರೆಂಟನ್ನು ಕೂಡಿಸಿ ಬಿಡಿಸುವ ಸಂಪರ್ಕ) ಪೂರ್ತಿ ತೆರೆದಾಗ ಫೀಲರ್ ಗೇಜ್‌ನಲ್ಲಿ 0.015 ಇಂಚು ಗ್ಯಾಪ್ ಇರಬೇಕು, ಪ್ಲಗ್‌ನಲ್ಲಿ 0.025 ಇಂಚು. ಪಾಯಿಂಟ್ ಮುಖ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರನ್ನೂ ಬದಲಾಯಿಸಿ. ಇಂಜಿನ್ ಬಿಸಿಯಾದ ಮೇಲಷ್ಟೇ ಕೈಕೊಡುವ ಕಂಡೆನ್ಸರ್ ಎಷ್ಟೋ ಕಾರ್ಬುರೇಟರುಗಳನ್ನು ಸುಮ್ಮನೆ ಬಿಚ್ಚಿಸಿದೆ.

ಆಮೇಲೆ ಪೆಟ್ರೋಲ್ ಸರಬರಾಜು. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ, ಜಗ್ಗಿ ಜಗ್ಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸ್ಟಾರ್ಟ್ ಆದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಉಸ್ಸೆಂದು ಗಾಳಿ ಒಳಗೆಳೆದುಕೊಂಡರೆ ಗಾಳಿಕಿಂಡಿ ಕಟ್ಟಿದೆ ಎಂದರ್ಥ. ಇಲ್ಲದಿದ್ದರೆ, ಇಂಜಿನ್ ತಣ್ಣಗಿರುವಾಗ ಕಾಯಿಲ್ ವೈರ್ ಕಳಚಿ, ಕಾರ್ಬುರೇಟರಿಗೆ ಬರುವ ಪೈಪನ್ನು ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಪಂಪ್ ಡಯಾಫ್ರಮ್, ಫಿಲ್ಟರ್, ಟ್ಯಾಂಕಿನ ತುಕ್ಕು ನೋಡಿ. ಬೀಡಿ, ಸಿಗರೇಟು ಹತ್ತಿರ ಸುಳಿಯದಿರಲಿ.

ಇವೆರಡೂ ಸರಿಯಿದ್ದರೆ ಈಗ ಕಾರ್ಬುರೇಟರ್. ಎಸ್‌ಯುನಲ್ಲಿ ಆಕ್ಸಿಲರೇಟರ್ ಪಂಪ್ (ಒತ್ತಿದ ಕ್ಷಣ ಹೆಚ್ಚು ಪೆಟ್ರೋಲ್ ಕೊಡುವ ಭಾಗ) ಇಲ್ಲ. ಆ ಕೆಲಸ ಮಾಡುವುದು ಮೇಲಿನ ಡ್ಯಾಂಪರ್ ಎಣ್ಣೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಉಸಿರುಗಟ್ಟಿದಂತಾಗಿ ಆಫ್ ಆದರೆ ಮೊದಲ ಅನುಮಾನ ಅದರದ್ದೇ. ಡ್ಯಾಂಪರ್ ಎತ್ತಿ ಮತ್ತೆ ಇಳಿಸುವಾಗ ಮುಚ್ಚಳ ಕೂರಲು ಇನ್ನೂ 6 ಮಿ.ಮೀ. ಇರುವಾಗಲೇ ಕೈಗೆ ತಡೆ ಸಿಗಬೇಕು. ಸಿಗದಿದ್ದರೆ ಎಸ್‌ಎಇ 20 ಎಣ್ಣೆ ಹಾಕಿ.

ಏರ್ ಕ್ಲೀನರ್ ಮತ್ತು ಡ್ಯಾಂಪರ್ ತೆಗೆದು, ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಬೆರಳಲ್ಲಿ ಮೇಲಕ್ಕೆತ್ತಿ ಬಿಡಿ. ಎಲ್ಲೂ ತಡೆಯದೆ ಇಳಿದು ತಳಕ್ಕೆ "ಟಕ್" ಎಂದು ಬೀಳಬೇಕು. ಸದ್ದು ಬರದಿದ್ದರೆ ಪಿಸ್ಟನ್ ಅಂಟುತ್ತಿದೆ, ಇಲ್ಲವೇ ಪಿಸ್ಟನ್ ತಳದ ನೀಡಲ್ (ಸೂಜಿ) ಪೆಟ್ರೋಲ್ ಬರುವ ಜೆಟ್ಟಿಗೆ ಉಜ್ಜುತ್ತಿದೆ. ಪಿಸ್ಟನ್ ಓಡಾಡುವ ಮೇಲಿನ ಸಕ್ಷನ್ ಚೇಂಬರಿಗೂ ಬಾಡಿಗೂ ಸೇರಿಸಿ ಒಂದು ಗುರುತು ಹಾಕಿ, ಸ್ಕ್ರೂ ಬಿಚ್ಚಿ, ಚೇಂಬರನ್ನು ನೆಟ್ಟಗೆ ಮೇಲಕ್ಕೆತ್ತಿ. ವಾರೆಯಾದರೆ ನೀಡಲ್ ಬಾಗುತ್ತದೆ. ಬಟ್ಟೆಗೆ ಪೆಟ್ರೋಲ್ ಹಚ್ಚಿ ಪಿಸ್ಟನ್ನನ್ನೂ ಚೇಂಬರನ್ನೂ ಒರೆಸಿ. ಎಮರಿ ಪೇಪರ್ ಖಂಡಿತ ಬೇಡ: ಪಿಸ್ಟನ್ನೂ ಚೇಂಬರೂ ಕೂದಲೆಳೆಯ ಸಂದಿಯಲ್ಲಿ ಹೊಂದಿಸಿದ ಜೋಡಿ, ಇನ್ನೊಂದು ಗಾಡಿಯದನ್ನು ತಂದು ಹಾಕಿದರೂ ಕೂರುವುದಿಲ್ಲ. ಎಣ್ಣೆ ನಡುವಿನ ಕಡ್ಡಿಗೆ ಮಾತ್ರ, ಪಿಸ್ಟನ್ ಅಂಚಿಗೆ ಬೇಡ. ನೀಡಲಿನ ಭುಜ ಪಿಸ್ಟನ್ ತಳಕ್ಕೆ ಸಮನಾಗಿರಲಿ. ಶುಚಿ ಮಾಡಿದ ಮೇಲೂ ಚೋಕ್ ಎಳೆದಾಗ ಮಾತ್ರ "ಟಕ್" ಕೇಳಿಸಿದರೆ ಜೆಟ್ ನಡುವಿನಿಂದ ಸರಿದಿದೆ. ಅದನ್ನು ಕೂರಿಸುವುದು ಕೈ ಪಳಗಿದವರ ಕೆಲಸ.

ಬೆಳಗ್ಗೆ ಸುಸೂತ್ರವಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಕಪ್ಪು ಹೊಗೆ ಬಿಟ್ಟು ಆಫ್ ಆಗುವ ಗಾಡಿಯಲ್ಲಿ ಚೋಕ್ ಕೇಬಲ್ ನೋಡಿ. ಎಸ್‌ಯು ಚೋಕ್ ಎಂದರೆ ಜೆಟ್ಟನ್ನೇ ಕೆಳಕ್ಕೆಳೆಯುವುದು. ನಾಬ್ ಒಳಗೆ ಹೋದರೂ ಜೆಟ್ ಪೂರ್ತಿ ಮೇಲೆ ಬಾರದೆ ಇರಬಹುದು. ಕೆಳಗಿನಿಂದ ಬೆರಳಲ್ಲಿ ಒತ್ತಿ. ಮೇಲಕ್ಕೆ ಸರಿದರೆ ದೋಷ ಸಿಕ್ಕಿತು. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯುತ್ತಿದ್ದರೆ ಫ್ಲೋಟ್ ಚೇಂಬರಿನ ನೀಡಲ್ ವಾಲ್ವ್‌ನಲ್ಲಿ ಕಸ, ಅಥವಾ ಫ್ಲೋಟ್ ತೂತು. ತೂತು ಬಿದ್ದ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಪೆಟ್ರೋಲ್ ಕುಲುಕುವುದು ಕೇಳುತ್ತದೆ.

ಸ್ಲೋ ಸ್ಪೀಡ್ ಏರಿಳಿಯುತ್ತಿದ್ದರೆ ಮ್ಯಾನಿಫೋಲ್ಡ್ ಜೋಡಣೆಗೂ ಥ್ರಾಟಲ್ ಶಾಫ್ಟ್ ತುದಿಗಳಿಗೂ ಎಣ್ಣೆ ಕ್ಯಾನಿನಿಂದ ತೆಳು ಎಣ್ಣೆ ಬಿಡಿ, ಬಿಸಿ ಎಕ್ಸಾಸ್ಟ್ ಮೇಲೆ ಬೀಳದಂತೆ. ಇಂಜಿನ್ ಸದ್ದು ಬದಲಾದ ಕಡೆ ಗಾಳಿ ಒಳನುಗ್ಗುತ್ತಿದೆ.

ಮಿಕ್ಸ್ಚರ್ ಈಗ. ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಪೂರ್ತಿ ಮೇಲೇರಿಸಿ, ಹನ್ನೆರಡು ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಿಸ್ಟನ್ನನ್ನು ಲಿಫ್ಟಿಂಗ್ ಪಿನ್‌ನಿಂದ ಸುಮಾರು 1 ಮಿ.ಮೀ. ಎತ್ತಿ. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ನಟ್ ಮೇಲಕ್ಕೆ. ತಟ್ಟನೆ ಕುಸಿದರೆ ಕಡಿಮೆ, ನಟ್ ಕೆಳಕ್ಕೆ. ಒಂದು ಕ್ಷಣ ತುಸು ಏರಿ ಮೊದಲಿನಂತಾದರೆ ಸರಿ. ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಸೆಟ್ಟಿಂಗ್ ಸಾಲದೆ ಹೋಗಬಹುದು, ಒಂದೆರಡು ಮುಖ ಕೆಳಗೆ ಬೇಕಾಗುತ್ತದೆ. ಅದೇ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನೂ ಮೆತ್ತಗೆ ಮಾಡುವುದರಿಂದ, ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ.