ಚೆಂಡು ಮೈ ಮುಂದೆ ಸಿಗುವ ಹಾಗೆ ಮಾಡಿದ್ದು

ಬಳ್ಳಾರಿಯಲ್ಲಿ ಬೆಳಗ್ಗೆ 6ಕ್ಕೇ ನಮ್ಮ ಟೆನಿಸ್ ಕ್ಲಾಸು ಶುರು. ಆಮೇಲೆ ಬಿಸಿಲು ನಿಲ್ಲಗೊಡುವುದಿಲ್ಲ. ಈ ಸಲ ಬಂದ 6 ಮಕ್ಕಳದ್ದೂ ಒಂದೇ ತೊಂದರೆ. ಫೋರ್‌ಹ್ಯಾಂಡ್, ಅಂದರೆ ರಾಕೆಟ್ ಹಿಡಿದ ಕೈ ಕಡೆಯ ಹೊಡೆತ, ಹೊಡೆದರೆ ಚೆಂಡು ನೆಟ್‌ಗೆ, ಇಲ್ಲವೇ ಬೇಲಿಯಾಚೆ. "ಕೆಳಗಿಂದ ಮೇಲಕ್ಕೆ ಬೀಸಿ" ಅಂತ ಎರಡು ವಾರ ಹೇಳಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ಎಲ್ಲರೂ ಓಣಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಚೆಂಡನ್ನು ಮೈ ಹತ್ತಿರ ಬರಲು ಬಿಟ್ಟು ತಡವಾಗಿ ಹೊಡೆಯುತ್ತಿದ್ದರು. ಚೆಂಡು ತಾಗುವ ಜಾಗವೇ ತಪ್ಪು.

ರಾಕೆಟ್ ಕೆಳಗಿಡಿಸಿದೆ. ನಾನು ಎಸೆದ ಚೆಂಡು ಒಮ್ಮೆ ಪುಟಿದ ಮೇಲೆ, ರಾಕೆಟ್ ಹಿಡಿಯುವ ಕೈಯಲ್ಲೇ, ಮುಂದಿನ ಕಾಲಿಗಿಂತ ಸ್ವಲ್ಪ ಮುಂದೆ, ಸೊಂಟದ ಎತ್ತರದಲ್ಲಿ ಹಿಡಿಯಬೇಕು. ಮೂರು ದಿನ ಸುಮ್ನೆ ಇದನ್ನೇ ಆಡಿದೆವು. ಆಮೇಲೆ ರಾಕೆಟ್ ಕೊಟ್ಟೆ, ಆದರೆ ಮಾಮೂಲಿ ಚೆಂಡು ಕೊಡಲಿಲ್ಲ. ಅದಕ್ಕಿಂತ ಸುಮಾರು 50% ನಿಧಾನವಾದ ಕಿತ್ತಳೆ ಬಣ್ಣದ ಚೆಂಡು. ಹೊಸಬರಿಗೆ ಇದು ಬೇಕೇ ಬೇಕು. ತಯಾರಾಗಲು ಸಮಯ ಸಿಗುತ್ತದೆ ಅಲ್ವಾ? ನೆಟ್‌ನ ನಡುಭಾಗ 0.914 ಮೀಟರ್ ಎತ್ತರ. ಅದರ ಮೇಲೆ ಇನ್ನೊಂದು ಮೊಳ ಬಿಟ್ಟು ಹಗ್ಗ ಕಟ್ಟಿ, "ಇದರ ಮೇಲಿಂದ ಕಳಿಸಿ" ಅಂದೆ. ಕೆಳಗಿಂದ ಮೇಲಕ್ಕೆ ಬೀಸುವುದು ತಾನಾಗಿಯೇ ಬಂತು.

10ನೇ ದಿನ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಜೊತೆ ಬಿಡದೆ 12 ಹೊಡೆತ ಆಡಿದಳು. ಖುಷಿಗೆ ನಾನೇ ಚಪ್ಪಾಳೆ ಹೊಡೆದೆ. ಅವಳ ಹಿಡಿತ ಇನ್ನೂ ಸಡಿಲ. ಮುಂದಿನ ವಾರ ಅದರ ಕೆಲಸ.